ಮಂಗಳವಾರದ ಪುಡಿ, ಶನಿವಾರದ ಆಸಿಡ್

ಬೈರಣ್ಣನವರು ಬೆಳಗ್ಗೆ ಗಾಡಿ ಹತ್ತುವ ಮೊದಲು ಒಂದು ಕೆಲಸವನ್ನು ಎಂದೂ ತಪ್ಪಿಸುವುದಿಲ್ಲ. ಜರಗನಹಳ್ಳಿಯ ಅವರ ಮನೆಯ ಮುಂದೆ ಒಡೆದ ಬಕೆಟ್ಟಿನಲ್ಲಿ ಬೆಳೆಸಿದ ಮರುಗದ ಗಿಡವಿದೆ. ಅದರಿಂದ ಒಂದು ಕುಡಿ ಚಿವುಟಿ, ಎರಡು ಎಲೆಯನ್ನು ಅಂಗೈಯಲ್ಲಿ ಹೊಸಕಿ, ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುತ್ತಾರೆ. ಬಾಗಿಲಲ್ಲಿ ನಿಂತ ಹೆಂಡತಿ ನಾರಾಯಣಮ್ಮ ಏನನ್ನೂ ಕೇಳುವುದಿಲ್ಲ, ಗಂಡನ ಮುಖ ನೋಡುತ್ತಾರೆ. ಅವರು ಇಲ್ಲವೆಂದು ತಲೆಯಾಡಿಸಿ, ಉಳಿದ ಕುಡಿಯನ್ನು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡು ಗಾಡಿಗೆ ಕಿಕ್ ಹೊಡೆಯುತ್ತಾರೆ.

ಆ ಜೇಬಿನ ಮರುಗವನ್ನು ನಾನು ಹನ್ನೊಂದು ವರ್ಷ ಅಮ್ಮನವರ ಪ್ರಸಾದವೆಂದೇ ತಿಳಿದಿದ್ದೆ. ಬನಶಂಕರಿ ದೇವಸ್ಥಾನದ ಮುಂದೆಯೇ ಹಾದು ಬರುವ ಮನುಷ್ಯ, ಗಾಡಿ ನಿಲ್ಲಿಸಿ ಕೈಮುಗಿದು ಬರುತ್ತಾರೆ ಎಂದುಕೊಂಡಿದ್ದೆ. ನಿಜ ತಿಳಿದದ್ದು ಕಳೆದ ವರ್ಷ, ಗೌರಿ ಹಬ್ಬ ಕಳೆದ ಮೇಲೆ. ಆ ಹೊತ್ತಿಗೆ ಬೈರಣ್ಣನವರು ನಮ್ಮ ರಸ್ತೆಯನ್ನೇ ಕಳೆದುಕೊಂಡಿದ್ದರು.

ನಮ್ಮದು ಬನಶಂಕರಿ ಸೆಕೆಂಡ್ ಸ್ಟೇಜಿನ ಒಂದು ಅಡ್ಡರಸ್ತೆ. ಇಪ್ಪತ್ತನಾಲ್ಕು ಮನೆ. ಬೈರಣ್ಣ ಅಲ್ಲಿಗೆ ವಾರಕ್ಕೆ ಎರಡು ಸಲ ಬರುತ್ತಾರೆ. ಹಳೆಯ ಮೊಪೆಡ್ಡಿನ ಎರಡೂ ಬದಿಗೆ ಕ್ಯಾನುಗಳು, ಹಿಂದೆ ಮರದ ಪೆಟ್ಟಿಗೆ. ಮಂಗಳವಾರ ಬ್ಲೀಚಿಂಗ್ ಪೌಡರ್ ಮತ್ತು ಫಿನಾಯಿಲ್. ಶನಿವಾರ ಬಾತ್‌ರೂಮ್ ತೊಳೆಯುವ ಆಸಿಡ್ ಮತ್ತು ಸೋಪ್ ಆಯಿಲ್. ಮಂಗಳವಾರ ಬೇಡಿಕೊಂಡರೂ ಆಸಿಡ್ ಇಲ್ಲ, ಶನಿವಾರ ಗೋಗರೆದರೂ ಪುಡಿ ಇಲ್ಲ. ಅದೂ ಸಾಲದೆಂಬಂತೆ, ಪುಡಿ ಕೇಳಿದರೆ ಮೊದಲು ಅವರೇ ಕೇಳುತ್ತಾರೆ:

"ಹೋದ ಸಲದ ಆಸಿಡ್ ಮುಗೀತಾ ಅಮ್ಮಾ? ಬಾಟ್ಲಿ ತನ್ನಿ, ನೋಡಾನ."

ಖಾಲಿ ಬಾಟಲಿ ಕಣ್ಣಿಗೆ ಬೀಳದೆ ಪುಡಿಯ ಪೊಟ್ಟಣ ಪೆಟ್ಟಿಗೆಯಿಂದ ಹೊರಗೆ ಬರುವುದಿಲ್ಲ. ಕುಡಿಯುವ ನೀರಿನ ಬಾಟಲಿ ಒಡ್ಡಿದರೆ ಅದಕ್ಕೆ ಏನನ್ನೂ ತುಂಬುವುದಿಲ್ಲ. ತಮ್ಮದೇ ದಪ್ಪ ಬಾಟಲಿ ಕೊಟ್ಟು, ಆಸಿಡ್ ಇದ್ದರೆ ಅದರ ಕತ್ತಿಗೆ ಹಳೆಯ ಸೀರೆಯ ಕೆಂಪು ಅಂಚನ್ನು ಕಟ್ಟಿರುತ್ತಾರೆ.

ಹೀಗೇಕೆ ಎಂದು ಅವರು ಹೇಳಲಿಲ್ಲ. ನಾವೇ ಹೇಳಿಕೊಂಡೆವು. ದೀಪ ಹಚ್ಚಿದ ಮೇಲೆ ಉಪ್ಪು ಕೊಡದ, ಸೂಜಿ ಕೊಡದ ಅಂಗಡಿಗಳನ್ನು ಕಂಡು ಬೆಳೆದವರು ನಾವು. ಆಸಿಡ್ ಸುಡುವ ವಸ್ತು, ಅದಕ್ಕೇ ಶನಿವಾರ. ಪುಡಿ ಬೆಳ್ಳಗಿದೆ, ಶುದ್ಧಿ ಮಾಡುವಂಥದ್ದು, ಅಮ್ಮನವರ ವಾರಕ್ಕೆ ಸರಿ. ಎರಡನ್ನೂ ಒಂದೇ ದಿನ ಮನೆಗೆ ತಂದರೆ ಆ ಮನೆಯಲ್ಲಿ ಜಗಳವಾಗುತ್ತದಂತೆ. ಕೆಂಪು ಅಂಚು ದೃಷ್ಟಿಗಂತೆ. ಯಾರು ಮೊದಲು ಹೇಳಿದರೋ ಈಗ ನೆನಪಿಲ್ಲ. ಹೊಸದಾಗಿ ಬಾಡಿಗೆಗೆ ಬಂದವರಿಗೆ ಇದನ್ನೆಲ್ಲ ತಿಳಿಸಿ ಹೇಳಿದವರಲ್ಲಿ ನಾನೂ ಒಬ್ಬಳು.

ಪಕ್ಕದ ಮನೆಯ ಮೈತ್ರೇಯಿಗೂ ನಾನೇ ಹೇಳಿದ್ದೆ. ಅವಳು ಜಯಸಿಂಹ ಅವರ ಸೊಸೆ, ಶಾಲೆಯಲ್ಲಿ ಟೀಚರ್. ಮಾವ ಬ್ಯಾಂಕಿನಿಂದ ನಿವೃತ್ತರಾದ ಮೇಲೆ ನಮ್ಮ ರಸ್ತೆಯ ಅಸೋಸಿಯೇಷನ್ ಸೆಕ್ರೆಟರಿ. ಅವಳು ನನ್ನ ಮಾತನ್ನು ಪೂರ್ತಿ ಕೇಳಿ, "ಆಂಟಿ, ಆಸಿಡ್ ಬಾಟ್ಲಿಗೂ ಜಾತಕ ಬರೆಸಿದೀರಾ?" ಎಂದು ನಕ್ಕಿದ್ದಳು.

ಹಬ್ಬಕ್ಕೆ ಮೂರು ದಿನ ಮುಂಚಿನ ಶನಿವಾರ ಅವಳು ಗೇಟಿನಲ್ಲಿ ನಿಂತು ಆಸಿಡ್ ತೆಗೆದುಕೊಂಡಳು. ನಾನು ನಮ್ಮ ಗೇಟಿನಲ್ಲಿ ಸೋಪ್ ಆಯಿಲಿಗೆ ಕಾಯುತ್ತಿದ್ದೆ.

"ಪೌಡರ್ ಒಂದು ಕೆಜಿ ಕೊಡಿ ಬೈರಣ್ಣ."

"ಮಂಗಳವಾರ ತತ್ತೀನಿ ಕಣಮ್ಮ."

"ಮಂಗಳವಾರಾನೇ ಹಬ್ಬ! ಗೌರಮ್ಮನ್ನ ಕೂರಿಸಿಬಿಟ್ಟು ಬಾತ್‌ರೂಮ್ ತೊಳೀಲಾ?"

"ಇವತ್ತು ಇಲ್ಲಮ್ಮ, ತಂದೇ ಇಲ್ಲ."

"ಸೀರಿಯಸ್ಸಾಗಿ ಕೇಳ್ತಿದೀನಿ, ಯಾಕೆ ತರಲ್ಲ? ಆಸಿಡ್‌ಗೂ ರಾಹುಕಾಲ ಇದ್ಯಾ?"

ಎದುರು ಮನೆಯವರೂ ನಕ್ಕರು, ನಾನೂ ನಕ್ಕೆ. ಬೈರಣ್ಣ ಏನೋ ಹೇಳಲು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡು, ತಾವೂ ನಕ್ಕು, ಗಾಡಿ ತಳ್ಳಿಕೊಂಡು ರಸ್ತೆಯ ಕೊನೆಯ ಮನೆಯ ಕಡೆಗೆ ಹೋದರು. ಮೈತ್ರೇಯಿ ಚಪ್ಪಲಿ ಮೆಟ್ಟಿಕೊಂಡು ಮೂಲೆಯ ಅಂಗಡಿಯ ಕಡೆಗೆ ಹೋದಳು.

ಮುಂದಿನದನ್ನು ಅವಳೇ ಆಮೇಲೆ ನನಗೆ ಹೇಳಿದಳು. ಬೋರ್‌ವೆಲ್ ನೀರಿನ ಉಪ್ಪಿನ ಕಲೆ ನೆಲದ ಮೇಲೆ ಗಟ್ಟಿಯಾಗಿತ್ತು. ಆಸಿಡ್ ಹಾಕಿ ಉಜ್ಜಿದಳು. ಪೂರ್ತಿ ಹೋಗಲಿಲ್ಲ. ನೀರು ಹೊಯ್ದು ತೊಳೆಯುವ ಮೊದಲೇ, ಇದನ್ನೂ ಒಂದು ಕೈ ನೋಡೋಣವೆಂದು, ಅಂಗಡಿಯಿಂದ ತಂದ ಪುಡಿಯನ್ನು ಒದ್ದೆ ನೆಲದ ಮೇಲೆ ಎರಚಿದಳು. ಬಾಗಿಲು ಮುಚ್ಚಿತ್ತು, ಕಿಟಕಿಯ ಗಾಜೂ ಹಾಕಿತ್ತು. ಪುಡಿ ಬಿದ್ದ ಕಡೆಯೆಲ್ಲ ಬುಸ್ಸೆಂದು ನೊರೆ ಎದ್ದಿತು.

ನನಗೆ ಕೇಳಿಸಿದ್ದು ಕೆಮ್ಮು. ಅದು ನೆಗಡಿಯ ಕೆಮ್ಮಾಗಿರಲಿಲ್ಲ. ಉಸಿರು ಒಳಗೆ ಹೋಗಲು ದಾರಿ ಹುಡುಕುತ್ತಿರುವ ಹಾಗಿತ್ತು. ನಾನು ಓಡಿದಾಗ ಮೈತ್ರೇಯಿ ಬಾತ್‌ರೂಮಿನ ಬಾಗಿಲು ತೆರೆದು ಹೊಸ್ತಿಲಲ್ಲೇ ಕುಸಿದು ಕೂತಿದ್ದಳು. ಜಯಸಿಂಹ ಗಾಬರಿಯಲ್ಲಿ ಫಿನಾಯಿಲ್ ಡಬ್ಬ ಹಿಡಿದು ಒಳಗೆ ನುಗ್ಗುವುದರಲ್ಲಿದ್ದರು. ಹಿಂದಿನಿಂದ ಬಂದ ಕೈಯೊಂದು ಅವರನ್ನು ತಡೆಯಿತು.

"ಸಾರ್, ಅದರ ಮ್ಯಾಲೆ ಏನೂ ಹುಯ್ಯಬ್ಯಾಡಿ! ಒಳಗೆ ಹೋಗಬ್ಯಾಡಿ! ಅಮ್ಮನ್ನ ಮೊದ್ಲು ಈಚೆಗೆ ಕರಕೊಳ್ಳಿ, ಬೀದಿಗೆ, ಗಾಳಿಗೆ!"

ಗಲಾಟೆ ಕೇಳಿ ಬೈರಣ್ಣ ರಸ್ತೆಯ ಕೊನೆಯಿಂದ ಓಡಿ ಬಂದಿದ್ದರು. ಜಯಸಿಂಹ ಅವರೂ ನಾನೂ ಅವಳ ತೋಳು ಹಿಡಿದು ಗೇಟಿನ ಹೊರಗೆ ತಂದು ಕಟ್ಟೆಯ ಮೇಲೆ ಕೂರಿಸಿದೆವು. ಬೈರಣ್ಣ ಗಿಡಕ್ಕೆ ನೀರು ಹಾಕುವ ನಲ್ಲಿಯನ್ನು ತಿರುಗಿಸಿ, ಕಣ್ಣಿಗೆ ನೀರು ಹರಿಯಲಿ, ಉಜ್ಜಬೇಡಿ, ಬರೀ ನೀರು ಹರಿಸಿ ಎಂದು ನನಗೆ ಹೇಳಿಕೊಟ್ಟರು. ಒಳಗಿನ ಬಾಗಿಲು, ಹಜಾರದ ಕಿಟಕಿ ಎಲ್ಲವನ್ನೂ ತೆಗೆಸಿದರು. ಆಮೇಲೆ ನನ್ನ ಹತ್ತಿರ ಬಂದು, ತಗ್ಗಿದ ದನಿಯಲ್ಲಿ ಕೇಳಿದರು:

"ಅಮ್ಮಾ, ವಾಸನೆ ಇನ್ನೂ ಬತ್ತಾ ಐತಾ?"

ಅವರು ನಿಂತದ್ದು ಬಾಗಿಲಿಗೆ ನನಗಿಂತ ಹತ್ತಿರ. ನನ್ನ ಗಂಟಲು ಉರಿಯುತ್ತಿತ್ತು, ಎದುರು ಮನೆಯವರು ಸೆರಗು ಮೂಗಿಗೆ ಹಿಡಿದಿದ್ದರು. ಇವರೇಕೆ ಕೇಳುತ್ತಿದ್ದಾರೆ ಎಂದು ಆ ಗಡಿಬಿಡಿಯಲ್ಲಿಯೂ ನನಗೆ ಅನ್ನಿಸಿತು. ಅಷ್ಟರಲ್ಲಿ ಕಾರು ಬಂತು, ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು.

ಡಾಕ್ಟರು ಉಸಿರಿಗೆ ಔಷಧಿ ಹಿಡಿಸಿ, ಒಂದು ರಾತ್ರಿ ಇಟ್ಟುಕೊಂಡು ಭಾನುವಾರ ಸಂಜೆ ಕಳಿಸಿದರು. ಕಣ್ಣು ಸರಿಯಾಗಿತ್ತು. ಎದೆಯ ಬಿಗಿತ ಇಳಿಯಲು ಕೆಲವು ದಿನ, ಗಂಟಲು ಸರಿಹೋಗಲು ಇನ್ನೂ ಕೆಲವು ವಾರ ಬೇಕು ಎಂದರಂತೆ. ಹಬ್ಬದ ದಿನ ಗೌರಿಯ ಮುಂದೆ ಅವಳು ಸುಮ್ಮನೆ ಕೂತಿದ್ದಳು. ಆರತಿ ಹಾಡು ನಾನು ಹೇಳಿದೆ.

ಆ ಮಂಗಳವಾರವೇ ಬೈರಣ್ಣ ಬಂದರು. ಗಾಡಿಯ ಮೇಲೆ ಸಾಮಾನಿರಲಿಲ್ಲ, ಕೈಯಲ್ಲಿ ಒಂದು ಡಜನ್ ಬಾಳೆಹಣ್ಣಿತ್ತು. ಜಯಸಿಂಹ ಗೇಟು ತೆಗೆಯಲಿಲ್ಲ.

"ಆಸಿಡ್ ನಿಮ್ದೇ ತಾನೇ?"

"ಹೌದು ಸಾರ್."

"ಹೋದವಾರದ್ದಲ್ಲ, ಅವತ್ತೇ ಕೊಟ್ಟಿದ್ದು?"

"ಹೌದು ಸಾರ್."

ಪುಡಿ ನನ್ನದಲ್ಲ ಎಂದು ಅವರು ಹೇಳುತ್ತಾರೆಂದು ನಾನು ಕಾಯುತ್ತಿದ್ದೆ. ಹೇಳಲಿಲ್ಲ.

"ಅಸೋಸಿಯೇಷನ್ ಕಡೆಯಿಂದ ಹೇಳ್ತಿದೀನಿ. ಇನ್ಮೇಲೆ ಈ ರಸ್ತೆಗೆ ಬರೋದು ಬೇಡ."

ಬಾಳೆಹಣ್ಣನ್ನು ಕಾಂಪೌಂಡಿನ ಮೇಲಿಟ್ಟು, "ಆಯ್ತು ಸಾರ್, ಅಮ್ಮನ್ನ ನೋಡ್ಕೊಳ್ಳಿ" ಎಂದು ಹೊರಟರು. ಪುಟ್ಟೇನಹಳ್ಳಿಯ ಕಡೆಯ ಅವರ ಹಳೆಯ ಗಿರಾಕಿಗಳೆಲ್ಲ ಈಗ ಫೋನಿನಲ್ಲಿ ತರಿಸಿಕೊಳ್ಳುತ್ತಾರೆ. ನಮ್ಮ ರಸ್ತೆ ಮತ್ತು ಅಕ್ಕಪಕ್ಕದ ಎರಡು ರಸ್ತೆ ಬಿಟ್ಟರೆ ಅವರಿಗೆ ಹೇಳಿಕೊಳ್ಳುವಂಥ ವ್ಯಾಪಾರವಿಲ್ಲ. ನಮ್ಮಲ್ಲಿ ಬೇಡವೆಂದರೆ ಆ ಎರಡರಲ್ಲೂ ಬೇಡವೆನ್ನುತ್ತಾರೆ. ಅದು ಜಯಸಿಂಹ ಅವರಿಗೂ ಗೊತ್ತಿತ್ತು.

ಎಂಟು ದಿನ ಕಳೆದ ಮೇಲೆ ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಫಿನಾಯಿಲ್ ಮುಗಿದಿದೆ ಎಂಬ ನೆಪ ಇತ್ತು. ಕನಕಪುರ ರಸ್ತೆಯ ಬಸ್ಸು ಹಿಡಿದು ಜರಗನಹಳ್ಳಿಯಲ್ಲಿ ಇಳಿದು ಕೇಳಿಕೊಂಡು ಹೋದೆ. ಹೊಲವೆಲ್ಲ ಸೈಟುಗಳಾಗಿ ಹೋದ ಮೇಲೆ ಅವರ ಪಾಲಿಗೆ ಉಳಿದದ್ದು ಒಂದು ಹಳೆಯ ಹೆಂಚಿನ ಮನೆ ಮತ್ತು ಅಂಗಳ. ಅಂಗಳದ ಮೂಡಲ ಮೂಲೆಯಲ್ಲಿ ಶೀಟು ಹೊದಿಸಿದ ಮಾಡು, ಅದರಲ್ಲಿ ಆಸಿಡ್ ಕ್ಯಾನುಗಳು. ಪಡುವಲ ಕೊನೆಯಲ್ಲಿ ಹಿಂದೆ ಹಸು ಕಟ್ಟುತ್ತಿದ್ದ ಕೊಟ್ಟಿಗೆ, ಅದರಲ್ಲಿ ಪುಡಿಯ ಚೀಲಗಳು. ನಡುವೆ ಬಾವಿ, ತುಳಸಿ ಕಟ್ಟೆ, ಬಟ್ಟೆ ಒಣಗಿಸುವ ಹಗ್ಗ.

ನಾರಾಯಣಮ್ಮ ಡ್ರಮ್ಮಿನಲ್ಲಿ ಫಿನಾಯಿಲ್ ಕಲಸುತ್ತಿದ್ದರು. ಒಂದು ಲೋಟದಲ್ಲಿ ಎತ್ತಿ, ಕೈಯಿಂದ ಗಾಳಿ ಬೀಸಿಕೊಂಡು ಮೂಸಿ, "ಇನ್ನೊಂಚೂರು ಬೇಕು" ಎಂದು ತಮಗೆ ತಾವೇ ಹೇಳಿಕೊಂಡರು.

"ನೀವೇ ನೋಡ್ತೀರಾ ವಾಸನೇನ?" ಎಂದೆ.

"ಮತ್ತಿನ್ಯಾರು ನೋಡ್ತಾರಮ್ಮ? ಊರಿಗೆಲ್ಲ ವಾಸನೆ ಮಾರೋ ಈವಯ್ಯಂಗೆ ಮೂಗು ಬರೀ ಕನ್ನಡಕ ಕೂರಿಸಾಕೆ ಐತೆ. ಸಾರು ತಳ ಹಿಡಿದ್ರೂ ಗೊತ್ತಾಗಕಿಲ್ಲ. ನಂಗೇನು, ಸುಖವಾಗೈತೆ."

ಬೈರಣ್ಣ ಜಗಲಿಯ ಮೇಲೆ ಕೂತಿದ್ದರು. "ಏ, ಸುಮ್ಕಿರೇ" ಎಂದರು. ಆಮೇಲೆ ನನ್ನ ಕಡೆ ನೋಡಿ, "ಹೇಳಿಬಿಟ್ಲಲ್ಲ, ಇನ್ನೇನು, ಕೂತ್ಕೊಳ್ಳಿ ಅಮ್ಮ" ಎಂದರು.

ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅವರು ಒಂದು ಮದುವೆ ಛತ್ರದಲ್ಲಿ ತೊಳೆಯುವ ಕೆಲಸಕ್ಕಿದ್ದರಂತೆ. ಬೆಳಗ್ಗೆ ಒಂದು ಮದುವೆ ಮುಗಿದು, ಸಂಜೆ ಇನ್ನೊಂದು ದಿಬ್ಬಣ ಬರುವುದಿತ್ತು. ಬೇಗ ಆಗಲೆಂದು ಆಸಿಡ್ ಬಕೆಟ್ಟಿಗೇ ಪುಡಿ ಸುರಿದು ಬಚ್ಚಲಮನೆಯಲ್ಲಿ ಕೂತು ಉಜ್ಜಿದರು. ಹಸಿರು ಹಳದಿ ಹೊಗೆ ಕಂಡದ್ದಷ್ಟೇ ನೆನಪು. ಅಡುಗೆಯವರು ಎಳೆದು ಹಾಕಿದರು. ತಿಂಗಳು ಮಲಗಿ ಎದ್ದರು. ಉಸಿರು ಬಂತು. ಮೂಗು ಮರಳಲಿಲ್ಲ.

"ಆ ಮರುಗ?" ಎಂದು ಕೇಳಿದೆ.

"ಇವತ್ತು ಬಂದೀತು ಅಂತ ದಿನಾ ನೋಡ್ತೀನಿ. ಎಲ್ಲಕ್ಕಿಂತ ಮೊದ್ಲು ಮರುಗವೇ ಬರಬೇಕು ಅಂತ ಆಸೆ. ನಮ್ಮ ಮದುವೇಲಿ ಇವಳ ಜಡೇಲಿ ಅದೇ ಇತ್ತು."

ನಾರಾಯಣಮ್ಮ ಡ್ರಮ್ಮಿನ ಕಡೆಗೆ ತಿರುಗಿಕೊಂಡರು.

"ಹಾಗಾದ್ರೆ ಇಷ್ಟು ವರ್ಷ ನಮಗೆ ಯಾಕೆ ಹೇಳ್ಲಿಲ್ಲ ಬೈರಣ್ಣ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಕಾರಣ ಹೇಳಿದ್ರೆ ಮೂಗಿನ ಕಥೇನೂ ಹೇಳಬೇಕಾಗ್ತದೆ. ವಾಸನೆ ಗೊತ್ತಿಲ್ದೋನ ಹತ್ರ ಫಿನಾಯಿಲ್ ಯಾರು ತಗೋತಾರೆ? ನೀವುಗಳೇ ಶಾಸ್ತ್ರ ಅಂದ್ರಿ. ನಾನು ಅಲ್ಲ ಅನ್ನಲಿಲ್ಲ. ಶಾಸ್ತ್ರ ಅಂದ್ರೆ ಯಾರೂ ಎದುರು ಮಾತಾಡಕಿಲ್ಲ, ನಂಗೂ ಸಲೀಸು. ಆ ಹೆಣ್ಣುಮಗ ಒಬ್ಬಳು ಯಾಕೆ ಅಂತ ಕೇಳಿದ್ಲು ಅಮ್ಮ. ನ್ಯಾಯವಾಗಿ ಕೇಳಿದ್ಲು. ನಾನು ನಕ್ಕೊಂಡು ಗಾಡಿ ತಳ್ಕೊಂಡು ಬಂದೆ."

ನಾನು ದಿನವೂ ಎರಡು ಹೊತ್ತು ದೀಪ ಹಚ್ಚುವವಳು. ವಾರ, ತಿಥಿ ನೋಡುವವಳು. ಹಿಂದಿರುಗುವ ಬಸ್ಸಿನಲ್ಲಿ ಕೂತು, ದೇವರು ಹೇಳದಿದ್ದ ಒಂದು ಮಾತನ್ನು ಅವನ ಹೆಸರಿನಲ್ಲಿ ಹತ್ತು ಮನೆಗೆ ಹೇಳಿದ್ದಕ್ಕೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಬೈರಣ್ಣ ಮಾತ್ರ ಹಾಗೆ ಮನಸ್ಸಿನಲ್ಲೇ ಕೇಳಿ ಮುಗಿಸುವವರಲ್ಲ.

ಆ ಶನಿವಾರ ಅವರು ನಡೆದುಕೊಂಡು ಬಂದರು. ಗಾಡಿಯಿಲ್ಲ, ಸಾಮಾನಿಲ್ಲ, ಒಗೆದ ಬಿಳಿ ಅಂಗಿ. ಮೊದಲು ನಿಂತದ್ದು ಜಯಸಿಂಹ ಅವರ ಗೇಟಿನಲ್ಲಿ.

"ಬರಬೇಡಿ ಅಂದಿದ್ನಲ್ಲ?"

"ವ್ಯಾಪಾರಕ್ಕೆ ಬಂದಿಲ್ಲ ಸಾರ್. ಅಮ್ಮ ಒಂದು ಪ್ರಶ್ನೆ ಕೇಳಿದ್ರು, ಉತ್ತರ ಕೊಡಾಕೆ ಬಂದಿವ್ನಿ."

ಮೈತ್ರೇಯಿ ಶಾಲು ಹೊದ್ದು ಬಾಗಿಲಿಗೆ ಬಂದಳು. ಬೈರಣ್ಣ ಗೇಟಿನ ಹೊರಗೇ ನಿಂತು ಛತ್ರದ ಕಥೆ ಹೇಳಿದರು, ಮೂಗಿನ ಕಥೆ ಹೇಳಿದರು.

"ಅದು ಶಾಸ್ತ್ರ ಅಲ್ಲಮ್ಮ. ಆಸಿಡ್‌ಗೆ ಪುಡಿ ಸೇರಿದ್ರೆ ವಿಷದ ಗಾಳಿ ಏಳ್ತದೆ. ವಾರ ಯಾವುದಾದ್ರೂ ಏಳ್ತದೆ. ಅಂಗಡೀಲಿ ಸಿಗೋ ಬಿಳಿ ಬಟ್ಟೆಗೆ ಹಾಕೋ ಬ್ಲೀಚೂ ಅಷ್ಟೇ, ಹಿತ್ತಾಳೆ ಉಜ್ಜೋ ನಿಂಬೆ ಹುಳೀನೂ ಅದಕ್ಕೆ ಸೇರಬಾರದು. ಒಂದು ದಿನಕ್ಕೆ ಒಂದು. ಕಿಟಕಿ ಬಾಗಿಲು ತೆಗೆದಿರಬೇಕು. ಅದನ್ನ ಪೂರ್ತಿ ನೀರು ಬಿಟ್ಟು ತೊಳೆದು ಕಳಿಸಿದ ಮ್ಯಾಲೇ ಇನ್ನೊಂದರ ಮಾತು. ಇದನ್ನ ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ. ತಪ್ಪು ನಂದು."

ಮೈತ್ರೇಯಿಯ ದನಿ ಇನ್ನೂ ಒಡೆದೇ ಇತ್ತು. "ಪೌಡರ್ ನಿಮ್ದಲ್ಲ ಅಂತ ಮಾವಂಗೆ ಯಾಕೆ ಹೇಳ್ಲಿಲ್ಲ?"

"ಪುಡಿ ಯಾರದ್ದಾದ್ರೇನಮ್ಮ? ಗೊತ್ತಿದ್ದೋನು ನಾನೊಬ್ಬನೇ ಅಲ್ವಾ."

ಜಯಸಿಂಹ ಸೊಸೆಯ ಮುಖ ನೋಡಿದರು. ಅಂಗಡಿಯ ಪುಡಿಯ ವಿಷಯ ಅವರಿಗೆ ಆವರೆಗೆ ಗೊತ್ತೇ ಇರಲಿಲ್ಲ. ಅವಳು ಹೇಳಿರಲಿಲ್ಲ, ಹೇಳಲು ಗಂಟಲೂ ಇರಲಿಲ್ಲ. ಅವರು ಒಳಗೆ ಹೋದರು.

ಬೈರಣ್ಣ ಉಳಿದ ಮನೆಗಳಿಗೂ ಹೋದರು. ಎಲ್ಲ ಕಡೆ ಒಂದೇ ಮಾತು, ಮೂಗಿನಿಂದ ಶುರುಮಾಡಿ. ನಾನೂ ನಾಲ್ಕು ಮನೆಗೆ ಜೊತೆಯಲ್ಲಿ ಹೋಗಿ, ಶಾಸ್ತ್ರ ಕಟ್ಟಿದವರು ನಾವೇ ಎಂದು ಒಪ್ಪಿಕೊಂಡೆ. ಕೇಳಿದವರೆಲ್ಲ ಕೈಮುಗಿದರು ಎಂದೇನೂ ಇಲ್ಲ. ಮೂರನೆಯ ಮನೆಯಾಕೆ, "ಅಷ್ಟೇನಾ? ನಾನೇನೋ ದೋಷ ಅಂದ್ಕೊಂಡು ಇಷ್ಟು ವರ್ಷ ಹೆದರಿದ್ದೆ. ಹಾಗಾದ್ರೆ ಎರಡೂ ಒಟ್ಟಿಗೇ ಕೊಟ್ಬಿಡಿ, ನಾವು ಹುಷಾರಾಗಿರ್ತೀವಿ" ಎಂದರು. "ಅವತ್ತು ನಾನೂ ಹುಷಾರಾಗೇ ಇದ್ದೆ ಕಣಮ್ಮ" ಎಂದರು ಬೈರಣ್ಣ. ಮೇಲಿನ ಮನೆಯವರು ಅಂದಿನಿಂದ ಅವರ ಫಿನಾಯಿಲ್ ತೆಗೆದುಕೊಳ್ಳುವುದನ್ನು ಬಿಟ್ಟರು. ಮೂಸಿ ನೋಡಲಾಗದವನ ಮಾಲು ಎಂಥದ್ದೋ ಎಂದರಂತೆ. ಬೈರಣ್ಣ ಹೆದರಿದ್ದಂತೆಯೇ ಆಯಿತು, ಒಂದು ಮನೆಯ ಮಟ್ಟಿಗೆ.

ಸಂಜೆ ಅವರು ಹೊರಟಾಗ ಜಯಸಿಂಹ ಗೇಟಿನಲ್ಲಿ ನಿಂತಿದ್ದರು. ಗಂಟಲು ಸರಿಮಾಡಿಕೊಂಡು, "ಮಂಗಳವಾರ ಫಿನಾಯಿಲ್ ಎರಡು ಲೀಟರ್ ಬೇಕಿತ್ತು" ಎಂದರು.

"ತತ್ತೀನಿ ಸಾರ್" ಎಂದರು ಬೈರಣ್ಣ. ನಮ್ಮ ರಸ್ತೆ ಅವರಿಗೆ ಹಿಂದಿರುಗಿದ್ದು ಹೀಗೆ, ಅಷ್ಟೇ ಮಾತಿನಲ್ಲಿ.

ಈಗ ಮೈತ್ರೇಯಿಯ ಗಂಟಲು ತಿಳಿಯಾಗಿದೆ. ಬಾಟಲಿಗಳ ಮೇಲೆ ಅಂಟಿಸಲು ಅವಳೇ ದಪ್ಪ ಅಕ್ಷರದ ಚೀಟಿಗಳನ್ನು ಬರೆದುಕೊಟ್ಟಿದ್ದಾಳೆ. ಕೆಂಪು ಅಂಚನ್ನು ಮಾತ್ರ ನಾರಾಯಣಮ್ಮ ಬಿಟ್ಟಿಲ್ಲ. ಓದಲು ಬಾರದ ಕೆಲಸದವರಿಗೆ ಅದೇ ಗುರುತು.

ದೀಪಾವಳಿಗೆ ಮುಂಚಿನ ಮಂಗಳವಾರ ಸಣ್ಣಗೆ ಹನಿಯುತ್ತಿತ್ತು. ಬೈರಣ್ಣ ಗಾಡಿ ನಿಲ್ಲಿಸಿ ಬಲ ಭುಜ ನೀವಿಕೊಳ್ಳುತ್ತಿದ್ದರು. ವರ್ಷ ಅರವತ್ತೆರಡು. ಎರಡು ಕಡೆಯ ಕ್ಯಾನು ಎತ್ತಿ ಇಳಿಸಿ ಆ ಭುಜ ಮಾತು ಕೇಳುವುದಿಲ್ಲ. ಜಯಸಿಂಹ ಅದನ್ನು ನೋಡಿದರು.

"ಬೈರಣ್ಣ, ಒಂದು ಮಾತು. ನಮ್ಮ ಮೆಟ್ಟಿಲ ಕೆಳಗೆ ಜಾಗ ಖಾಲಿ ಇದೆ. ಬಾಗಿಲೂ ಇದೆ, ಬೀಗಾನೂ ಇದೆ. ನಿಮ್ಮ ಸಾಮಾನೆಲ್ಲ ಇಲ್ಲೇ ಇಟ್ಬಿಡಿ. ಜರಗನಹಳ್ಳಿಯಿಂದ ದಿನಾ ಹೊತ್ಕೊಂಡು ಬರೋದು ತಪ್ಪುತ್ತೆ. ಬಾಡಿಗೆ ಗೀಡಿಗೆ ಏನೂ ಬೇಡ."

ನನಗೆ ಸಂತೋಷವಾಯಿತು. ಒಪ್ಪಿಕೊಳ್ಳಿ ಎಂದು ಕಣ್ಣಿನಲ್ಲೇ ಹೇಳಿದೆ.

ಬೈರಣ್ಣ ಹೋಗಿ ಮೆಟ್ಟಿಲ ಕೆಳಗೆ ಬಗ್ಗಿ ನೋಡಿ ಬಂದರು. "ಕಿಟಕಿ ಇಲ್ಲ ಸಾರ್."

"ಸಾಮಾನಿಗೆ ಕಿಟಕಿ ಯಾಕ್ರೀ? ಇದೂ ಒಂದು ಶಾಸ್ತ್ರಾನಾ?"

"ಅಲ್ಲ ಸಾರ್, ಈ ಸಲ ಕಾರಣ ಹೇಳಿಬಿಡ್ತೀನಿ" ಎಂದು ನಕ್ಕರು. "ಎರಡೂ ಒಂದೇ ಮಾಡಿನ ಕೆಳಗೆ ಇದ್ರೆ ಒಂದು ಕ್ಯಾನು ಸೋರಿದ್ರೂ ಸಾಕು. ಮ್ಯಾಲೆ ಮಲಗೋರು ನೀವು, ಅಮ್ಮ. ಬೀಗ ತೆಗೆದು ನೋಡಾಕೆ ಬರೋ ನಂಗೆ ವಾಸನೇನೂ ಗೊತ್ತಾಗಕಿಲ್ಲ."

"ಆಯ್ತಪ್ಪ, ಆಸಿಡ್ ಬೇಡ. ಪೌಡರ್ ಒಂದೇ ಇಡಿ."

"ಇವತ್ತು ಪುಡಿ ಇಟ್ಟೋನು, ನಾಳೆ ಮಳೆ ಬಂತು ಭುಜ ನೋವು ಅಂತ ಕ್ಯಾನೂ ಇಟ್ಟೇನು ಸಾರ್. ಒಂದೇ ದಿನಕ್ಕೆ ತಾನೇ ಅಂತ. ಛತ್ರದಲ್ಲೂ ಹಂಗೇ ಬೇಗ ಆಗ್ಲಿ ಅಂದ್ಕೊಂಡೆ." ಪೆಟ್ಟಿಗೆಯ ಮೇಲಿನ ಹನಿಯನ್ನು ಟವೆಲ್ಲಿನಿಂದ ಒರೆಸಿ, ಜೇಬಿನ ಮರುಗವನ್ನು ಒಳಗೆ ತಳ್ಳಿಕೊಂಡರು. "ನೀವು ಕೇಳಿದ್ದೇ ದೊಡ್ಡದು. ನಂಗೆ ಬ್ಯಾಡ ಸಾರ್."